ನಾಲ್ಕು ಗಂಟೆಗೇ ಎಚ್ಚರ: ‘ಅರ್ಲಿ ಮಾರ್ನಿಂಗ್ ಅವೇಕನಿಂಗ್’ ಅಂದರೇನು?

ಮಲೆನಾಡಿನಲ್ಲಿ ಬೇಗ ಏಳುವವರಿಗೆ ಮರ್ಯಾದೆ ಜಾಸ್ತಿ. ನಾಲ್ಕಕ್ಕೇ ಎದ್ದು ಬಚ್ಚಲ ಒಲೆಗೆ ಬೆಂಕಿ ಹಾಕುವ ಅಮ್ಮ, ಟಾರ್ಚ್ ಹಿಡಿದು ಕೊಟ್ಟಿಗೆಗೆ ಹೋಗುವ ಅಪ್ಪ, ಅಡಿಕೆ ಸುಗ್ಗಿಯಲ್ಲಿ ನಸುಕಿಗೇ ಸುಲಿಯಲು ಕೂರುವವರು, ಎಲ್ಲರೂ ‘ಚುರುಕು’ ಎನಿಸಿಕೊಳ್ಳುತ್ತಾರೆ. ಈ ಹೊಗಳಿಕೆಯ ಮರೆಯಲ್ಲಿ ಖಿನ್ನತೆಯಂಥ ಕಾಯಿಲೆಯ ಒಂದು ಲಕ್ಷಣ ವರ್ಷಗಟ್ಟಲೆ ಯಾರ ಗಮನಕ್ಕೂ ಬರದೆ ಉಳಿದುಬಿಡಬಹುದು. ವೈದ್ಯರು ಅದನ್ನು ಅರ್ಲಿ ಮಾರ್ನಿಂಗ್ ಅವೇಕನಿಂಗ್ ಎನ್ನುತ್ತಾರೆ. ನಾವು ಬೆಳಗಿನ ಜಾವದ ಎಚ್ಚರ ಎನ್ನೋಣ. ಕೆಲವೊಮ್ಮೆ ‘ಟರ್ಮಿನಲ್ ಇನ್ಸೋಮ್ನಿಯಾ’ ಎಂಬ ಹೆಸರೂ ಕಿವಿಗೆ ಬೀಳುತ್ತದೆ. ಹೆದರಬೇಡಿ, ರಾತ್ರಿಯ ಕೊನೆಯ ಪಾಲಿನ ನಿದ್ದೆ ಕೆಡುವುದು ಎಂದಷ್ಟೇ ಅದರ ಅರ್ಥ.

ಮಾಮೂಲಿ ಏಳುವ ಹೊತ್ತಿಗಿಂತ ಸುಮಾರು 2 ಗಂಟೆ ಅಥವಾ ಅದಕ್ಕೂ ಮೊದಲೇ ಎಚ್ಚರವಾಗುತ್ತದೆ, ಏನು ಮಾಡಿದರೂ ಮತ್ತೆ ನಿದ್ದೆ ಹತ್ತುವುದಿಲ್ಲ. ಇದು ಲಕ್ಷಣ. ಅಲಾರಂ ಇಟ್ಟು ಎದ್ದು, ಕಾಫಿ ಕುಡಿದು, ದಿನವಿಡೀ ಲವಲವಿಕೆಯಿಂದ ಇರುವವರ ಮಾತು ಬೇರೆ. ಅಜ್ಜಂದಿರ ಮಾತೂ ಬೇರೆ. ವಯಸ್ಸಾದಂತೆ ಹಲವರಿಗೆ ನಿದ್ದೆಯ ಹೊತ್ತೇ ಬೇಗ ಬರುತ್ತದೆ. ಎಂಟಕ್ಕೆ ಕಣ್ಣು ಎಳೆಯುತ್ತದೆ, ಮೂರಕ್ಕೆ ಬಿಟ್ಟುಕೊಳ್ಳುತ್ತದೆ. ‘ನಿದ್ದೇನೇ ಬರಲ್ಲ ಮಾರಾಯ’ ಎಂದು ಅಜ್ಜ ಗೊಣಗಿದರೂ ಲೆಕ್ಕ ಹಾಕಿದರೆ 7 ಗಂಟೆ ಆಗಿರುತ್ತದೆ, ಅಲ್ವಾ?

ಸರಿ, ಮೂರು ನಾಲ್ಕು ಗಂಟೆಯೇ ಯಾಕೆ? ನಿದ್ದೆಯ ಒತ್ತಡ ಹಸಿವಿನ ಹಾಗೆ. ಎಚ್ಚರವಿದ್ದಷ್ಟೂ ಏರುತ್ತದೆ, ಮಲಗಿದಷ್ಟೂ ಇಳಿಯುತ್ತದೆ. ಗಾಢ ನಿದ್ದೆಯ ಹೆಚ್ಚಿನ ಪಾಲು ರಾತ್ರಿಯ ಮೊದಲ ಅರ್ಧದಲ್ಲೇ ಮುಗಿಯುತ್ತದೆ. ಬೆಳಗಿನ ಜಾವಕ್ಕೆ ಉಳಿಯುವುದು ಕನಸಿನ ನಿದ್ದೆ ಮತ್ತು ತೆಳು ನಿದ್ದೆ. ಅದೇ ಹೊತ್ತಿಗೆ ದೇಹ ಹಗಲಿಗೆ ತಯಾರಾಗುತ್ತಾ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಏರಿಸಲು ಶುರುಮಾಡುತ್ತದೆ. ಹಾಗಾಗಿ ಆ ಹೊತ್ತಿಗೆ ಯಾರಿಗಾದರೂ ಎಚ್ಚರವಾಗಬಹುದು. ಬಹಳ ಜನ ಮಗ್ಗುಲು ಬದಲಿಸಿ ಮತ್ತೆ ಮಲಗುತ್ತಾರೆ, ಬೆಳಗ್ಗೆ ಅದರ ನೆನಪೂ ಇರುವುದಿಲ್ಲ. ಖಿನ್ನತೆ ಇದ್ದವರಲ್ಲಿ ಈ ಏರ್ಪಾಡು ಕೆಡುತ್ತದೆ. ಕನಸಿನ ನಿದ್ದೆ ಬೇಗ ಶುರುವಾಗುವುದು, ಗಾಢ ನಿದ್ದೆ ಕಡಿಮೆಯಾಗುವುದು, ಕಾರ್ಟಿಸಾಲ್ ಜಾಸ್ತಿ ಇರುವುದು, ಇವೆಲ್ಲ ಅನೇಕ ರೋಗಿಗಳಲ್ಲಿ ಕಂಡುಬಂದಿವೆ.

ಆತಂಕವೂ ನಿದ್ದೆ ಕೆಡಿಸುತ್ತದೆ, ಆದರೆ ಸಾಮಾನ್ಯವಾಗಿ ಮಲಗುವ ಹೊತ್ತಿಗೇ ಕಾಟ ಕೊಡುತ್ತದೆ. ಹನ್ನೆರಡಾದರೂ ಕಣ್ಣು ಮುಚ್ಚುವುದಿಲ್ಲ. ಬೆಳಗಿನ ಜಾವದ ಎಚ್ಚರ ಖಿನ್ನತೆಯ ಕಡೆಗೆ, ಅದರಲ್ಲೂ ಮೆಲಂಕೋಲಿಯಾ ಎನ್ನುವ ತೀವ್ರ ಬಗೆಯ ಕಡೆಗೆ ಹೆಚ್ಚು ಬೆರಳು ತೋರಿಸುತ್ತದೆ. ಗೆರೆ ಎಳೆದಂತೆ ಬೇರೆ ಮಾಡಲು ಬರುವುದಿಲ್ಲ. ಎರಡೂ ಒಟ್ಟಿಗೇ ಇರುವವರು ಬಹಳ. ಆರಿದ್ರಾ ಮಳೆ ಹೆಂಚಿನ ಮೇಲೆ ಸುರಿಯುವುದನ್ನು ಕೇಳುತ್ತಾ ಮಲಗಿರುವ ತೋಟದವರನ್ನು ನೆನೆಸಿಕೊಳ್ಳಿ. ಔಷಧಿ ಹೊಡೆಯಲು ಬಿಡುವು ಸಿಗುತ್ತೋ ಇಲ್ಲವೋ, ಅಡಿಕೆಗೆ ಕೊಳೆ ರೋಗ ಬಂತೋ ಏನೋ, ಮರ ಹತ್ತುವ ಕೊನೆಗಾರ ಕೈಗೆ ಸಿಗ್ತಾನೋ, ಸೊಸೈಟಿ ಸಾಲ ಏನು ಮಾಡೋದು. ಇದು ಆತಂಕ, ಕಾರಣವೂ ಕಣ್ಣ ಮುಂದೆಯೇ ಇದೆ. ಅದೇ ವ್ಯಕ್ತಿ ‘ಎಲ್ಲ ನನ್ನಿಂದಲೇ ಹಾಳಾಯ್ತು, ನಾನಿದ್ದು ಏನು ಪ್ರಯೋಜನ’ ಎನ್ನಲು ಶುರುಮಾಡಿದರೆ ಮಾತು ಅಡಿಕೆಯನ್ನು ದಾಟಿ ಬೇರೆ ಕಡೆ ಹೋಗಿದೆ ಎಂದೇ ತಿಳಿಯಬೇಕು.

ಮನೆಯವರು ಎಡವುವುದು ಇಲ್ಲೇ. ಈ ಬಗೆಯ ಖಿನ್ನತೆಯಲ್ಲಿ ಬೆಳಗ್ಗೆ ಮನಸ್ಸು ತೀರಾ ಭಾರವಾಗಿರುತ್ತದೆ. ಹೊತ್ತು ಏರಿದಂತೆ ಸ್ವಲ್ಪ ಸ್ವಲ್ಪವೇ ಹಗುರಾಗುತ್ತದೆ. ಬೆಳಗ್ಗೆ ಹಲ್ಲುಜ್ಜಲೂ ಆಗದವರು ಸಂಜೆ ಜಗಲಿಯಲ್ಲಿ ಕೂತು ಕವಳ ಹಾಕಿಕೊಂಡು ನೆಂಟರ ಜೊತೆ ಮಾತಾಡಬಲ್ಲರು. ಆಗ ಸೊಸೆಗೋ ತಮ್ಮನಿಗೋ ಅನುಮಾನ: ‘ಸಂಜೆ ಚೆನ್ನಾಗೇ ಇದ್ರಲ್ಲ, ಬೆಳಗ್ಗೆ ಕೆಲಸ ಅಂದ್ರೆ ಮಾತ್ರ ಹಿಂಗೆ.’ ನಾಟಕ ಎಂದೇ ತೀರ್ಮಾನ. ನನ್ನ ಪ್ರಕಾರ ಈ ಒಂದು ಮಾತು ನಿದ್ದೆ ಕೆಡುವುದಕ್ಕಿಂತ ಹೆಚ್ಚು ನೋವು ಕೊಡುತ್ತದೆ. ಬೆಳಗ್ಗೆ ಭಾರ, ಸಂಜೆ ಹಗುರ ಎಂಬುದೇ ಕಾಯಿಲೆಯ ಗುರುತು. ವೈದ್ಯರು ಅದನ್ನು ಕೇಳಿ ತಿಳಿದುಕೊಳ್ಳುತ್ತಾರೆ.

ಎಚ್ಚರವಾದವರೆಲ್ಲ ಖಿನ್ನರೂ ಅಲ್ಲ. ಸಂಜೆ ಕುಡಿದರೆ ಬೇಗ ನಿದ್ದೆ ಬರುತ್ತದೆ, ಅಮಲು ಇಳಿದಂತೆ ಮೂರಕ್ಕೆ ಎಬ್ಬಿಸುತ್ತದೆ. ಸಕ್ಕರೆ ಕಾಯಿಲೆ, ಪ್ರಾಸ್ಟೇಟ್, ಥೈರಾಯ್ಡ್, ಗೊರಕೆಯ ಜೊತೆ ಉಸಿರು ನಿಲ್ಲುವ ಸ್ಲೀಪ್ ಅಪ್ನಿಯಾ, ಮುಟ್ಟು ನಿಲ್ಲುವ ವಯಸ್ಸಿನ ಬಿಸಿ ಬೆವರು, ಎಲ್ಲವೂ ಎಬ್ಬಿಸಬಲ್ಲವು. ಮಲೆನಾಡಿನ ಮಳೆಗಾಲದ ಪಾಲೂ ಇದೆ. ದೇಹದ ಗಡಿಯಾರ ನಡೆಯುವುದು ಬೆಳಕಿನ ಆಧಾರದಲ್ಲಿ. ಆಗುಂಬೆ, ಹೊಸನಗರದ ಕಡೆ ದಿನಗಟ್ಟಲೆ ಬಿಸಿಲೇ ಕಾಣುವುದಿಲ್ಲ. ಮಧ್ಯಾಹ್ನ ಊಟ ಮಾಡಿ ಕಂಬಳಿ ಹೊದ್ದು ಎರಡು ಗಂಟೆ ಮಲಗಿದರೆ ರಾತ್ರಿಯ ಪಾಲಿನ ನಿದ್ದೆಯನ್ನು ಆಗಲೇ ಖರ್ಚು ಮಾಡಿದ ಹಾಗಾಯ್ತು. ಸುಖ ಹೌದು, ಬಿಡಲು ಕಷ್ಟ!

ಎಚ್ಚರವಾದಾಗ ಗಡಿಯಾರ ನೋಡಬೇಡಿ, ಮೊಬೈಲ್ ಅಂತೂ ಬೇಡವೇ ಬೇಡ. ಸುಮಾರು 20 ನಿಮಿಷ ಕಳೆದರೂ ನಿದ್ದೆ ಬರಲಿಲ್ಲ ಅನ್ನಿಸಿದರೆ ಹಾಸಿಗೆ ಬಿಟ್ಟು ಮಂದ ಬೆಳಕಿನಲ್ಲಿ ಬೇಜಾರಿನ ಕೆಲಸ ಏನಾದರೂ ಮಾಡಿ. ಕಣ್ಣು ಎಳೆದಾಗ ವಾಪಸ್ ಹೋಗಿ. ಎಷ್ಟೇ ಕಡಿಮೆ ನಿದ್ದೆ ಆಗಿರಲಿ, ಹಾಸಿಗೆ ಬಿಟ್ಟು ದಿನ ಶುರುಮಾಡುವ ಹೊತ್ತು ಒಂದೇ ಇರಲಿ. ‘ನಿನ್ನೆ ನಿದ್ದೆ ಇಲ್ಲ’ ಎಂದು ರಾತ್ರಿ ಎಂಟಕ್ಕೇ ಮಲಗುವುದು ಸಮಸ್ಯೆಯನ್ನು ಬೆಳೆಸುತ್ತದೆ. ಇವೆಲ್ಲ ಸಿಬಿಟಿ-ಐ ಎಂಬ, ನಿದ್ದೆಯ ಬಗೆಗಿನ ಯೋಚನೆ ಮತ್ತು ಅಭ್ಯಾಸಗಳನ್ನು ತಿದ್ದುವ ಚಿಕಿತ್ಸೆಯ ತುಣುಕುಗಳು. ಬಹಳ ದಿನದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕು ಎಂದು ಅಮೆರಿಕದ ವೈದ್ಯರ ಸಂಸ್ಥೆ 2016ರಲ್ಲಿ ಸೂಚಿಸಿತು. ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನು ಕಡಿಮೆ ಮಾಡುವುದೂ ಈ ಚಿಕಿತ್ಸೆಯ ಒಂದು ಭಾಗ. ಆದರೆ ಹಿಂದೆ ಬೈಪೋಲಾರ್ (ಮನಸ್ಸು ಒಮ್ಮೆ ತೀರಾ ಏರಿ, ಒಮ್ಮೆ ತೀರಾ ಕುಸಿಯುವ ಕಾಯಿಲೆ) ಅಥವಾ ಮೂರ್ಛೆ ರೋಗ ಇದ್ದವರು ನಿದ್ದೆಯ ಹೊತ್ತನ್ನು ತಾವಾಗಿಯೇ ಕಡಿತ ಮಾಡಿಕೊಳ್ಳಬಾರದು.

ಖಿನ್ನತೆಯೇ ಮೂಲವಾಗಿದ್ದರೆ ಇಷ್ಟು ಸಾಲದು. ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಊಟ ಸೇರದಿರುವುದು 2 ವಾರ ದಾಟಿದರೆ ವೈದ್ಯರನ್ನು ಕಾಣಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ದೂರ ಅನ್ನಿಸಿದರೆ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬರುತ್ತಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸಿ, ಕರೆ ಮಾಡಿ. ಮನೆಯವರು ಅವರನ್ನು ಒಬ್ಬರೇ ಬಿಡಬಾರದು. ತೋಟದ ಔಷಧಿ ಇಟ್ಟ ಕೋಣೆಗೆ ಬೀಗ ಹಾಕಿ ಕೀಲಿ ತಮ್ಮ ಹತ್ತಿರ ಇಟ್ಟುಕೊಳ್ಳಬೇಕು.

ಖಿನ್ನತೆಯ ಮಾತ್ರೆ ಕೆಲಸ ತೋರಿಸಲು ಕೆಲವು ವಾರ ಬೇಕು. ಎಷ್ಟೋ ಜನರಿಗೆ ಮನಸ್ಸಿಗಿಂತ ಮೊದಲು ನಿದ್ದೆ ಸರಿಹೋಗುತ್ತದೆ. ಆಗಲೇ ಮಾತ್ರೆ ಬಿಡಬೇಡಿ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತಂದ ನಿದ್ದೆ ಮಾತ್ರೆಯಿಂದ ಅಭ್ಯಾಸ ಅಂಟಿಕೊಳ್ಳಬಹುದು, ಕಾಯಿಲೆ ಅಲ್ಲೇ ಇರುತ್ತದೆ. ವೈದ್ಯರ ಹತ್ತಿರವೂ ‘ನಿದ್ದೆ ಬರಲ್ಲ ಡಾಕ್ಟ್ರೇ’ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ, ಎಂದಿನಿಂದ, ಆಗ ತಲೆಯಲ್ಲಿ ಏನು ಓಡುತ್ತದೆ, ಸಂಜೆ ಹೇಗಿರುತ್ತೀರಿ, ಇದನ್ನೆಲ್ಲ ಹೇಳಿ. ಜೊತೆಗೆ ಹೋದವರೂ ತಾವು ಕಂಡದ್ದನ್ನು ಸೇರಿಸಲಿ.