80ರ ದಶಕದ ಗೇಮು, ಸಿನಿಮಾ ಒಂದೂ ಗೊತ್ತಿಲ್ದೆ ‘ರೆಡಿ ಪ್ಲೇಯರ್ ಒನ್’ ಓದಬಹುದಾ?

ಓದುಗರ ಪ್ರಶ್ನೆ: ರೆಡಿ ಪ್ಲೇಯರ್ ಒನ್ ಓದೋಣ ಅಂತಿದ್ದೀನಿ. ಆದ್ರೆ ಅದ್ರಲ್ಲಿ ಪುಟಪುಟಕ್ಕೂ 80ರ ದಶಕದ ಅಮೆರಿಕದ ವಿಡಿಯೋ ಗೇಮು, ಸಿನಿಮಾ, ಹಾಡುಗಳದ್ದೇ ಮಾತು ಅಂತಾರೆ. ನನಗೆ ಅವು ಒಂದೂ ಗೊತ್ತಿಲ್ಲ. ಅರ್ಥ ಆಗುತ್ತಾ, ಇಲ್ಲ ತಲೆ ಮೇಲಿಂದ ಹೋಗುತ್ತಾ?

ಅರ್ಥ ಆಗುತ್ತೆ, ಧೈರ್ಯವಾಗಿ ಓದಿ. ಯಾಕಂದ್ರೆ ಕಥೆ ಹೇಳೋ ಹುಡುಗನಿಗೂ ಅದು ಅವನ ಕಾಲ ಅಲ್ಲ. ಕಥೆ ನಡೆಯೋದು 2045ರಲ್ಲಿ, ವೇಡ್ ವಾಟ್ಸ್ ಅನ್ನೋ ಹೈಸ್ಕೂಲ್ ಹುಡುಗ, ಅವನು ಹುಟ್ಟೋ ಹೊತ್ತಿಗೆ 80ರ ದಶಕ ಮುಗಿದು 35 ವರ್ಷದ ಮೇಲಾಗಿತ್ತು. ಆ ಗೇಮು ಸಿನಿಮಾ ಎಲ್ಲ ಅವನು ಕಲಿತಿದ್ದು ಪರೀಕ್ಷೆಗೆ ಉರು ಹೊಡೆಯೋ ಥರ, ನೋಟ್ಸ್ ಮಾಡ್ಕೊಂಡು, ಒಂದೇ ಸಿನಿಮಾನ ಹತ್ತಾರು ಸಲ ನೋಡ್ಕೊಂಡು. ಹಾಗಾಗಿ ಏನೇ ಬಂದ್ರೂ ಅವನು ಅದೇನು, ಯಾವ ವರ್ಷದ್ದು, ಯಾರು ಮಾಡಿದ್ದು ಅಂತ ಕೇಳದೇ ಇದ್ರೂ ಹೇಳ್ತಾ ಹೋಗ್ತಾನೆ, ಕೆಲವು ಕಡೆ ಸಾಕಪ್ಪ ನಿಲ್ಲಿಸು ಅನ್ನಿಸೋವಷ್ಟು.

ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ಅರ್ನೆಸ್ಟ್ ಕ್ಲೈನ್ ಅವರ ಮೊದಲ ಕಾದಂಬರಿ ಇದು, ಬಂದಿದ್ದು 2011ರಲ್ಲಿ. ಪೆಟ್ರೋಲು ಕರೆಂಟಿಗೆಲ್ಲ ಬರ ಬಂದು ಜಗತ್ತು ಹಾಳಾಗಿದೆ, ಓಕ್ಲಹೋಮಾ ಸಿಟಿಯ ಹೊರಗೆ ಟ್ರೇಲರ್ ಮನೆಗಳನ್ನ ಒಂದರ ಮೇಲೊಂದು ಪೇರಿಸಿಟ್ಟಿರೋ ‘ಸ್ಟ್ಯಾಕ್ಸ್’ ಅನ್ನೋ ಜಾಗದಲ್ಲಿ ವೇಡ್ ಇರ್ತಾನೆ, ಓದು ಸ್ಕೂಲು ಎಲ್ಲ ಒಂದು ಗುಜರಿ ವ್ಯಾನ್ ಒಳಗಿಂದ, ಅಲ್ಲಿ ಸೈಕಲ್ ತುಳಿದು ಬ್ಯಾಟರಿ ಚಾರ್ಜ್ ಮಾಡ್ಕೊಂಡು. ಜನ ಎಲ್ಲ ದಿನದ ಬಹುಪಾಲು ಬದುಕೋದು ಓಯಸಿಸ್ ಅನ್ನೋ ವರ್ಚುವಲ್ ಲೋಕದಲ್ಲಿ. ಕಣ್ಣಿಗೊಂದು ವೈಸರ್, ಕೈಗೆ ಗ್ಲೌಸ್, ಮುಗೀತು. ಅದನ್ನ ಕಟ್ಟಿದ ಜೇಮ್ಸ್ ಹ್ಯಾಲಿಡೇ ಮಕ್ಕಳಿಲ್ಲದೆ ಸಾಯ್ತಾನೆ, ಸಾಯೋಕೆ ಮುಂಚೆ ಒಂದು ವಿಡಿಯೋ ಮಾಡಿಟ್ಟಿರ್ತಾನೆ: ಓಯಸಿಸ್ ಒಳಗೆ ಎಲ್ಲೋ ಒಂದು ಈಸ್ಟರ್ ಎಗ್ (ಈ ಹೆಸರು ಯಾಕೆ ಅಂತ ಮುಂದೆ ಹೇಳ್ತೀನಿ) ಬಚ್ಚಿಟ್ಟಿದ್ದೀನಿ, ಮೂರು ಕೀಲಿ ಹುಡುಕಿ ಮೂರು ಬಾಗಿಲು ದಾಟಿ ಮೊದಲು ಅದನ್ನ ತಲುಪಿದವರಿಗೆ ನನ್ನ 240 ಬಿಲಿಯನ್ ಡಾಲರ್ ಆಸ್ತಿ ಪೂರ್ತಿ.

ಹ್ಯಾಲಿಡೇ ಹುಟ್ಟಿದ್ದು 1972ರಲ್ಲಿ (ಲೇಖಕ ಕ್ಲೈನ್ ಹುಟ್ಟಿದ್ದೂ ಅದೇ ವರ್ಷ, ಕಾಕತಾಳೀಯ ಅಂತೂ ಅಲ್ಲ). ಅಂದ್ರೆ 80ರ ದಶಕ ಅವನ ಹುಡುಗು ಬುದ್ಧಿಯ ಕಾಲ, ಸುಳಿವು ಎಲ್ಲ ಅಲ್ಲಿಂದಲೇ. ಹಾಗಾಗಿ 2045ರ ಹುಡುಗರು ಅವನ ಬಾಲ್ಯಾನ ಬಾಯಿಪಾಠ ಮಾಡ್ತಾ ಕೂತಿದ್ದಾರೆ. ಅಪ್ಪ ನೆಟ್ಟ ಆಲದ ಮರಕ್ಕೆ ಜೋತು ಬೀಳೋದು ಅಂತೀವಲ್ಲ, ಇಲ್ಲಿ ಆ ಮರ ನೆಟ್ಟವನು ಅಪ್ಪನೂ ಅಲ್ಲ, ಯಾರೋ ಸತ್ತ ಶ್ರೀಮಂತ. ನನಗೆ ಈ ಪುಸ್ತಕದಲ್ಲಿ ಹಿಡಿಸಿದ್ದು ಇದೇ. ಎಲ್ಲರೂ ಇದನ್ನ ನಾಸ್ಟಾಲ್ಜಿಯಾ ಕಾದಂಬರಿ ಅಂತಾರೆ, ಆದ್ರೆ ಒಳಗಿರೋ ಪಾತ್ರಗಳಲ್ಲಿ ನಿಜವಾಗಿ ಆ ಕಾಲ ಕಂಡವರು ಕೈಬೆರಳಲ್ಲಿ ಎಣಿಸೋವಷ್ಟು ಜನ, ಉಳಿದವರದ್ದೆಲ್ಲ ಸಾಲ ತಂದ ನೆನಪು. ಆ ಲೆಕ್ಕದಲ್ಲಿ ಏನೂ ಗೊತ್ತಿಲ್ಲದೆ ಓದೋ ನೀವು ವೇಡ್‌ಗೆ ಹತ್ತಿರ, ಆ ಕಾಲದ ಗೇಮ್ ಎಲ್ಲ ಆಡಿ ಬೆಳೆದವರು ಹ್ಯಾಲಿಡೇಗೆ ಹತ್ತಿರ.

ಹಾಗಂತ ಏನೂ ತಿಳ್ಕೊಳ್ಳೋದೇ ಬೇಡ ಅಂತಲ್ಲ. ಒಂದು ವಿಷಯ ಮೊದಲೇ ಗೊತ್ತಿದ್ರೆ ಮಜಾ ದುಪ್ಪಟ್ಟು. 70ರ ದಶಕದ ಕೊನೆಗೆ ಅಟಾರಿ ಕಂಪನಿಲಿ ವಾರೆನ್ ರಾಬಿನೆಟ್ ಅನ್ನೋ ಪ್ರೋಗ್ರಾಮರ್ ‘ಅಡ್ವೆಂಚರ್’ ಅಂತ ಒಂದು ಗೇಮ್ ಬರೆದ್ರು. ಆಗ ಅಟಾರಿ ಗೇಮ್ ಬರೆದವರ ಹೆಸರು ಎಲ್ಲೂ ಹಾಕ್ತಾ ಇರ್ಲಿಲ್ಲ. ಇವರು ಸಿಟ್ಟಲ್ಲಿ ಗೇಮ್ ಒಳಗೇ ಯಾರಿಗೂ ಹೇಳದೆ ಒಂದು ಗುಪ್ತ ಕೋಣೆ ಮಾಡಿ ಅಲ್ಲಿ ತಮ್ಮ ಹೆಸರು ಬರೆದಿಟ್ರು. ಅಲ್ಲಿಗೆ ಹೋಗ್ಬೇಕು ಅಂದ್ರೆ ಒಂದೇ ಒಂದು ಚುಕ್ಕೆ ಎತ್ಕೊಂಡು ಬರ್ಬೇಕು, ಆ ಚುಕ್ಕೆ ಹಿನ್ನೆಲೆ ಬಣ್ಣದ್ದೇ, ಕಣ್ಣಿಗೆ ಬೀಳೋದೇ ಇಲ್ಲ. ಅವರು ಕೆಲಸ ಬಿಟ್ಟು ಹೋದ ಮೇಲೆ ಯಾರೋ ಒಬ್ಬ ಹುಡುಗ ಆಡ್ತಾ ಆಡ್ತಾ ಅದನ್ನ ಹುಡುಕಿ ಕಂಪನಿಗೇ ಕಾಗದ ಬರೆದ. ಈಸ್ಟರ್ ಹಬ್ಬಕ್ಕೆ ಮಕ್ಕಳು ಹುಡುಕ್ಲಿ ಅಂತ ಮೊಟ್ಟೆ ಬಚ್ಚಿಡ್ತಾರಲ್ಲ, ಹಾಗೆ ಇದಕ್ಕೆ ಅಲ್ಲಿಯವರೇ ಈಸ್ಟರ್ ಎಗ್ ಅಂತ ಹೆಸರಿಟ್ರು, ಇವತ್ತಿಗೂ ಸಿನಿಮಾ ಸಾಫ್ಟ್‌ವೇರ್ ಎಲ್ಲದರಲ್ಲೂ ಅದೇ ಪದ. ಕಾದಂಬರಿ ಈ ಘಟನೆ ಮೇಲೇ ನಿಂತಿದೆ, ಅದನ್ನ ಒಳಗೆ ವಿವರಿಸಿಯೂ ಇದೆ, ಆದ್ರೂ ಇದು ಕಟ್ಟುಕಥೆ ಅಲ್ಲ ನಿಜ ಅಂತ ಗೊತ್ತಿದ್ದು ಓದಿದ್ರೆ ಬೇರೆ ಥರ ಅನ್ಸುತ್ತೆ.

ಇನ್ನೊಂದು, ಅಮೆರಿಕದ ಕ್ವಾರ್ಟರ್, ಅಂದ್ರೆ 25 ಸೆಂಟ್ ನಾಣ್ಯ. ಆಗಿನ ಆರ್ಕೇಡ್ ಮಷಿನ್‌ಗೆ, ಅಂದ್ರೆ ನಾಣ್ಯ ಹಾಕಿ ಆಡೋ ವಿಡಿಯೋ ಗೇಮ್ ಪೆಟ್ಟಿಗೆಗೆ, ಅದನ್ನ ಹಾಕಿದ್ರೆ ಒಂದು ಆಟ. ಕಾದಂಬರೀಲಿ ಓಯಸಿಸ್‌ಗೆ ಸೇರೋ ಫೀಸು ಎಷ್ಟು ಅಂದ್ರೆ ಜೀವಮಾನಕ್ಕೆ ಒಂದೇ ಸಲ 25 ಸೆಂಟ್! ಹ್ಯಾಲಿಡೇ ಇಡೀ ಜಗತ್ತನ್ನೇ ಒಂದು ಆರ್ಕೇಡ್ ಮಷಿನ್ ಮಾಡಿಬಿಟ್ಟಿದ್ದಾನೆ ಅನ್ನೋದು ಆ ಒಂದು ಫೀಸಲ್ಲೇ ಇದೆ. ವಿಲನ್ ಕಂಪನಿ ಐಒಐ ಗೆದ್ರೆ ಅದನ್ನ ತೆಗೆದು ತಿಂಗಳ ಚಾರ್ಜ್ ಹಾಕಿ ಕಂಡಕಂಡಲ್ಲಿ ಜಾಹೀರಾತು ತುಂಬೋ ಪ್ಲಾನ್. ಮುಂದೆ ವೇಡ್‌ಗೆ ಪ್ಯಾಕ್‌ಮ್ಯಾನ್ ಆಡುವಾಗ ಒಂದು ಕ್ವಾರ್ಟರ್ ಸಿಗುತ್ತೆ, ಅದನ್ನ ಮಾತ್ರ ಮರೀಬೇಡಿ, ಅಷ್ಟೇ ಹೇಳ್ತೀನಿ.

ಉಳಿದ ರೆಫರೆನ್ಸ್‌ಗಳಲ್ಲಿ ಅರ್ಧಕ್ಕರ್ಧ ಬರೀ ಅಲಂಕಾರ. ಯಾರ ಟೀಶರ್ಟ್ ಮೇಲೆ ಏನಿತ್ತು, ಯಾವ ಸೀರಿಯಲ್ ಎಷ್ಟು ಎಪಿಸೋಡ್ ನೋಡ್ದ, ಇಂಥ ಪಟ್ಟಿ ಬಂದಾಗ ಗೂಗಲ್ ಮಾಡೋಕೆ ಹೋಗ್ಬೇಡಿ, ಕಣ್ಣು ಆಡಿಸಿ ಮುಂದೆ ಹೋಗಿ. ಪುಸ್ತಕದ ದೊಡ್ಡ ವೀಕ್ನೆಸ್ಸೂ ಇದೇ, ಹೆಸರು ಹೇಳಿಬಿಟ್ರೆ ಸಾಕು ಓದುಗ ಖುಷಿ ಪಡ್ತಾನೆ ಅಂತ ಲೇಖಕರು ನಂಬಿದ ಹಾಗಿದೆ, ಹೆಸರು ಗೊತ್ತಿಲ್ಲದವರಿಗೆ ಅಲ್ಲಿ ಬೇರೇನೂ ಸಿಗಲ್ಲ. ಆದ್ರೆ ರೆಫರೆನ್ಸೇ ಕಥೆಯ ಕೆಲಸ ಮಾಡೋ ಜಾಗಗಳು ಸಖತ್ತಾಗಿವೆ. ಮೊದಲ ಬಾಗಿಲ ಒಳಗೆ ವೇಡ್‌ನ 1983ರ ‘ವಾರ್‌ಗೇಮ್ಸ್’ ಸಿನಿಮಾದ ಒಳಗೇ ಹೀರೋ ಜಾಗದಲ್ಲಿ ನಿಲ್ಲಿಸ್ತಾರೆ, ಪೂರ್ತಿ ಸಿನಿಮಾ ಹೀರೋ ಡೈಲಾಗ್ ಒಂದೊಂದಾಗಿ ಅವನೇ ಹೇಳ್ಬೇಕು. ನಾಟಕದಲ್ಲಿ ಮಾತು ಮರೆತವನ ಭಯ ನಿಮಗೆ ಗೊತ್ತಿದ್ರೆ ಸಾಕು, ಆ ಸಿನಿಮಾ ನೋಡಿರ್ಬೇಕಾಗಿಲ್ಲ. ಮೊದಲ ಕೀಲಿ ಇರೋ ಜಾಗವೂ ಅಷ್ಟೇ, ಅದು ಇರೋದು ಓಯಸಿಸ್ ಒಳಗಿನ ಸ್ಕೂಲ್ ಮಕ್ಕಳ ಗ್ರಹದಲ್ಲಿ, ಬೇರೆ ಗ್ರಹಕ್ಕೆ ಟೆಲಿಪೋರ್ಟ್ ಆಗೋಕೆ ದುಡ್ಡಿಲ್ಲದ ಹುಡುಗನೂ ನಡ್ಕೊಂಡು ಹೋಗಬಹುದಾದಂಥಲ್ಲಿ. ವೇಡ್‌ಗೆ ಅದು ಹೊಳೆಯೋ ಕ್ಷಣ ಇದ್ಯಲ್ಲ, ಅದಕ್ಕೆ ಯಾವ ದಶಕದ ಜ್ಞಾನವೂ ಬೇಡ.

ಸಿನಿಮಾ ನೋಡಿದ್ರೆ ಸಾಲಲ್ವಾ ಅಂತಲೂ ಕೆಲವರು ಕೇಳ್ತಾರೆ. 2018ರ ಸ್ಪೀಲ್‌ಬರ್ಗ್ ಸಿನಿಮಾ ಚೆನ್ನಾಗಿದೆ, ಆದ್ರೆ ಒಗಟುಗಳೆಲ್ಲ ಬೇರೆ, ಮೊದಲ ಕೀಲಿಗೆ ಅಲ್ಲಿ ಕಾರ್ ರೇಸ್ ಇದೆ, ಊರನ್ನೂ ಕೊಲಂಬಸ್ ಮಾಡಿದ್ದಾರೆ. ಹಾಗಾಗಿ ನೋಡಿದವರಿಗೂ ಪುಸ್ತಕ ಹೊಸದಾಗೇ ಇರುತ್ತೆ.

ವಿಆರ್ (ವರ್ಚುವಲ್ ರಿಯಾಲಿಟಿ) ವಿಷಯ ನೋಡಿದ್ರೆ, ಪುಸ್ತಕ ಬಂದ ಮರುವರ್ಷ, 2012ರಲ್ಲಿ, ಆಕ್ಯುಲಸ್ ಅನ್ನೋ ವಿಆರ್ ಕಂಪನಿಯ ಹೆಡ್‌ಸೆಟ್ ಜನರಿಂದ ದುಡ್ಡು ಎತ್ತೋ ಕಿಕ್‌ಸ್ಟಾರ್ಟರ್ ವೆಬ್‌ಸೈಟ್‌ಗೆ ಬಂತು, 2014ರಲ್ಲಿ ಫೇಸ್‌ಬುಕ್ ಆ ಕಂಪನೀನ ಸುಮಾರು 2 ಬಿಲಿಯನ್ ಡಾಲರ್‌ಗೆ ಕೊಂಡ್ಕೊಳ್ತು, ಆಕ್ಯುಲಸ್‌ಗೆ ಹೊಸದಾಗಿ ಸೇರಿದವರ ಕೈಗೆ ಈ ಕಾದಂಬರಿ ಕೊಡ್ತಾ ಇದ್ರಂತೆ. ಗುಜರಿ ವ್ಯಾನಲ್ಲಿ ಕೂತು ಬದುಕೋ ಹುಡುಗನ ಕಥೆ ಓದಿ ಇದನ್ನ ಬೇಗ ಕಟ್ಟೋಣ ಅಂತ ಅನ್ನಿಸಿದ್ದು ಹೇಗೋ ನನಗಂತೂ ಇವತ್ತಿಗೂ ಅರ್ಥ ಆಗಿಲ್ಲ.

ಶುರುವಿನ ಭಾಗ ಸ್ವಲ್ಪ ನಿಧಾನ, ಬರೀ ವಿವರಣೆ. ಮೊದಲನೇದಾದ ತಾಮ್ರದ ಕೀಲಿ ಸಿಗೋ ತನಕ ಓದಿ ನೋಡಿ, ಅಲ್ಲೂ ಹಿಡಿಸಿಲ್ಲ ಅಂದ್ರೆ ಕೆಳಗಿಡಿ, ತಪ್ಪು 80ರ ದಶಕದ್ದಲ್ಲ. ನಡುವೆ ವೇಡ್ ಆರ್ಟಮಿಸ್ ಅನ್ನೋ ಹುಡುಗಿ ಹಿಂದೆ ಬೀಳೋ ಪುಟಗಳು ಎಳೆದಾಡುತ್ತವೆ, ಅದನ್ನ ದಾಟಿದ್ರೆ ಕೊನೇ ಮೂರನೇ ಒಂದು ಭಾಗ ಒಂದೇ ಉಸಿರಿಗೆ ಓದಿಸ್ಕೊಳ್ಳುತ್ತೆ. 2020ರಲ್ಲಿ ಬಂದ ಎರಡನೇ ಭಾಗದ ಬಗ್ಗೆ ಇನ್ನೊಂದು ಸಲ ಕೇಳಿ.