ಚೀನೀ ಮಸಿ ಚಿತ್ರಗಳಲ್ಲಿ ಹಣ್ಣು, ಗಿಡ: ಅರ್ಥ ಎಲ್ಲಿಂದ ಬರುತ್ತದೆ?

ಚೀನೀ ಮಸಿ ಚಿತ್ರಗಳ ಬಗ್ಗೆ ಓದಲು ಶುರು ಮಾಡಿದಾಗ ಒಂದು ಪಟ್ಟಿ ಬರೆದಿಟ್ಟುಕೊಂಡಿದ್ದೆ. ಪೀಚ್ ಅಂದ್ರೆ ದೀರ್ಘಾಯುಷ್ಯ, ದಾಳಿಂಬೆ ಅಂದ್ರೆ ಮನೆತುಂಬ ಮಕ್ಕಳು, ಬಿದಿರು ಅಂದ್ರೆ ಸಜ್ಜನ. ಪರೀಕ್ಷೆಗೆ ಇಷ್ಟು ಸಾಕು. ಚಿತ್ರ ನೋಡುವಾಗ ಸಾಲಲ್ಲ. ಈ ಅರ್ಥ ಬಂದದ್ದಾದರೂ ಎಲ್ಲಿಂದ ಅಂತ ಪ್ರತಿ ಸಲ ಕೇಳಿಕೊಳ್ಳಬೇಕು.

ಕೆಲವು ಅರ್ಥ ಗಿಡದ ಗುಣದಲ್ಲೇ ಇದೆ. ಬಿದಿರು ಗಾಳಿಗೆ ಬಾಗುತ್ತದೆ, ಮುರಿಯಲ್ಲ. ಒಳಗೆ ಟೊಳ್ಳು, ಅದನ್ನು ವಿನಯ ಎಂದು ಓದುತ್ತಾರೆ. ಪ್ಲಮ್ ಮರ ಎಲೆ ಚಿಗುರುವ ಮೊದಲೇ, ಚಳಿಯಲ್ಲೇ ಹೂ ಬಿಡುತ್ತದೆ. ಇವೆರಡರ ಜೊತೆ ಆರ್ಕಿಡ್, ಸೇವಂತಿಗೆ ಸೇರಿದರೆ 'ನಾಲ್ವರು ಸಜ್ಜನರು'.

ಇನ್ನು ಕೆಲವನ್ನು ಕಿವಿಯಿಂದ ಓದಬೇಕು. ನಮಗೆ ತಪ್ಪಿಹೋಗುವುದು ಇದೇ. ಟೊಮೆಟೊ ತರಹ ಕಾಣುವ ಪರ್ಸಿಮನ್ ಹಣ್ಣಿಗೆ ಚೀನಿಯಲ್ಲಿ 'ಷಿ' ಅಂತಾರೆ. ಕೆಲಸ, ವಿಷಯ ಅನ್ನುವುದಕ್ಕೂ 'ಷಿ'. ಹಾಗಾಗಿ ಎರಡು ಪರ್ಸಿಮನ್ ಬರೆದರೆ 'ಎಲ್ಲ ಕೆಲಸವೂ ಕೈಗೂಡಲಿ' ಎಂಬ ಹಾರೈಕೆ. ಬೆರಳುಗಳ ಹಾಗೆ ಸೀಳಿಕೊಂಡಿರುವ 'ಬುದ್ಧನ ಕೈ' ನಮ್ಮ ಮಾದಲ ಹಣ್ಣಿನದೇ ಜಾತಿ. ಅದರ ಹೆಸರು 'ಫೋ ಶೌ'. ಭಾಗ್ಯಕ್ಕೆ 'ಫು', ಆಯುಷ್ಯಕ್ಕೆ 'ಶೌ'. ದಾಳಿಂಬೆಯಲ್ಲಿ ಕಣ್ಣು, ಕಿವಿ ಎರಡೂ ಬೇಕು: ಒಳಗೆಲ್ಲ ಬೀಜ, ಮತ್ತು ಬೀಜಕ್ಕೂ ಮಗನಿಗೂ ಚೀನಿಯಲ್ಲಿ ಒಂದೇ ಅಕ್ಷರ. ಪೀಚ್, ದಾಳಿಂಬೆ, ಬುದ್ಧನ ಕೈ ಮೂರೂ ಒಟ್ಟಿಗೆ ಕಂಡರೆ ಆಯುಷ್ಯ, ಮಕ್ಕಳು, ಭಾಗ್ಯ ಮೂರೂ ಹೇರಳವಾಗಲಿ ಎಂದರ್ಥ.

ಆದರೆ ಪರ್ಸಿಮನ್ ಕಂಡಲ್ಲೆಲ್ಲ ಹಾರೈಕೆ ಹುಡುಕಬೇಡಿ. 13ನೇ ಶತಮಾನದ ಬೌದ್ಧ ಭಿಕ್ಷು ಮು ಛಿ ಬರೆದ ಆರು ಪರ್ಸಿಮನ್‌ಗಳು ಖಾಲಿ ಹಾಳೆಯ ಮೇಲೆ ಸುಮ್ನೆ ಕೂತಿವೆ. ಕೊಂಬೆಯಿಲ್ಲ, ತಟ್ಟೆಯಿಲ್ಲ. ಒಂದು ಕಡುಗಪ್ಪು, ಇನ್ನೊಂದು ಬರೀ ಗೆರೆ. ಅಲ್ಲಿ ನೋಡಬೇಕಾದ್ದು ಮಸಿಯ ಆ ಏರಿಳಿತವನ್ನೇ.

ನನಗೆ ಜಾಸ್ತಿ ಹಿಡಿಸಿದ್ದು ಶು ವೇಯ್ (1521–1593) ಬರೆದ ದ್ರಾಕ್ಷಿ. ದ್ರಾಕ್ಷಿ ಗೊಂಚಲು ಸಾಮಾನ್ಯವಾಗಿ ಸಮೃದ್ಧಿಯ ಗುರುತು, ಅಲ್ವಾ? ಈತ ಸರ್ಕಾರಿ ಹುದ್ದೆಗೆ ದಾರಿಯಾಗಿದ್ದ ಪ್ರಾಂತೀಯ ಪರೀಕ್ಷೆಯಲ್ಲಿ ಎಂಟು ಸಲ ಫೇಲಾದವನು. ಎಲೆಗಳನ್ನು ನೀರುನೀರು ಮಸಿಯಲ್ಲಿ ಚೆಲ್ಲಿದ ಹಾಗೆ ಬರೆದಿದ್ದಾನೆ. ಬಳ್ಳಿ ಜೋತು ಬಿದ್ದಿದೆ. ಮೇಲ್ಗಡೆ ಓರೆಕೋರೆ ಅಕ್ಷರದಲ್ಲಿ ಅವನದೇ ಪದ್ಯ: ಅರ್ಧ ಬದುಕು ಸೋತೇ ಮುದುಕನಾದೆ, ನನ್ನ ಕುಂಚದ ಮುತ್ತುಗಳಿಗೆ ಕೊಳ್ಳುವವರಿಲ್ಲ, ಕಾಡುಬಳ್ಳಿಗಳ ನಡುವೆ ಎಸೆದುಬಿಡುತ್ತೇನೆ ಎಂಬ ಭಾವದ್ದು. ಪಟ್ಟಿ ಹಿಡಿದುಕೊಂಡು ನೋಡಿದ್ದರೆ ಇದನ್ನೂ 'ಸಮೃದ್ಧಿ' ಅಂತ ಬರೆದುಬಿಡುತ್ತಿದ್ದೆ.

ಆರ್ಕಿಡ್ ಕೂಡ ಹೀಗೇ. 1279ರಲ್ಲಿ ಮಂಗೋಲರ ಕೈಲಿ ಸಾಂಗ್ ರಾಜ್ಯ ಮುಗಿದ ಮೇಲೆ ಝೆಂಗ್ ಸಿಶ್ಯಾವ್ ಆರ್ಕಿಡ್ ಬರೆಯುವಾಗ ಬುಡದಲ್ಲಿ ಮಣ್ಣು ಬರೆಯುತ್ತಿರಲಿಲ್ಲ. 1306ರ ಅವನ ಚಿತ್ರ ಈಗ ಒಸಾಕಾದಲ್ಲಿದೆ. ಕೆಲವೇ ಎಲೆ, ಪುಟ್ಟ ಹೂವು, ಕೆಳಗೆ ಬರೀ ಹಾಳೆ. ಯಾಕೆ ಹೀಗೆ ಅಂತ ಯಾರೋ ಕೇಳಿದರಂತೆ. 'ಮಣ್ಣನ್ನು ಹೊರಗಿನವರು ಕದ್ದುಕೊಂಡು ಹೋದರು, ನಿಮಗೆ ಗೊತ್ತಿಲ್ಲವೇ?' ಎಂದನಂತೆ.