ನಮೀಬ್ ಮರುಭೂಮಿಯ ಜೀವಿಗಳು: ಯಾರಿಗೆ ನೀರು ಎಲ್ಲಿಂದ?

ನಮೀಬ್‌ನ ಹಕ್ಕಿ, ಹಾವು, ಜೀರುಂಡೆಗಳ ಹೆಸರನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿದರೆ ಎರಡೇ ದಿನಕ್ಕೆ ಎಲ್ಲ ಕಲಸಿಹೋಗುತ್ತದೆ. ಅದರ ಬದಲು ಪ್ರತಿ ಜೀವಿಗೂ ಒಂದೇ ಪ್ರಶ್ನೆ ಹಾಕಿ: ಇದಕ್ಕೆ ನೀರು ಎಲ್ಲಿಂದ ಬರುತ್ತದೆ? ಉತ್ತರಗಳು ನಾಲ್ಕೇ. ಮಂಜು, ತಿಂದದ್ದರೊಳಗಿನ ತೇವ, ದೇಹ ತಾನೇ ತಯಾರಿಸಿಕೊಳ್ಳುವ ನೀರು, ತೆರೆದ ಹೊಂಡ. ಹೆಚ್ಚಿನ ಜೀವಿಗಳು ಇವುಗಳಲ್ಲಿ ಎರಡನ್ನೋ ಮೂರನ್ನೋ ಬೆರೆಸಿಕೊಳ್ಳುತ್ತವೆ. ಯಾವುದು ಮುಖ್ಯ ಎಂದು ತಿಳಿದರೆ ಅದು ಎಲ್ಲಿರುತ್ತದೆ, ಯಾವ ಹೊತ್ತಿನಲ್ಲಿ ಓಡಾಡುತ್ತದೆ ಎಂಬುದು ಹೆಚ್ಚುಕಡಿಮೆ ತಾನಾಗಿಯೇ ಹೊಳೆಯುತ್ತದೆ.

ನೆಲದ ಲೆಕ್ಕ

ನಮೀಬಿಯಾದ ಅಟ್ಲಾಂಟಿಕ್ ಕರಾವಳಿಯುದ್ದಕ್ಕೂ ಬೆಂಗ್ವೆಲಾ ಎಂಬ ತಣ್ಣನೆಯ ಸಾಗರ ಪ್ರವಾಹ ಹರಿಯುತ್ತದೆ. ಅದರ ಮೇಲಿನ ಗಾಳಿ ತಂಪಾಗಿ ಮಂಜು ಕಟ್ಟುತ್ತದೆ, ಆದರೆ ಮೇಲೇರಿ ಮಳೆಯಾಗುವುದಿಲ್ಲ. ಕುಯಿಸೆಬ್ ನದಿಪಾತ್ರದ ಅಂಚಿನಲ್ಲಿರುವ ಗೊಬಾಬೆಬ್ ಸಂಶೋಧನಾ ಕೇಂದ್ರದಲ್ಲಿ ವರ್ಷದ ಸರಾಸರಿ ಮಳೆ 25 ಮಿ.ಮೀ. ಆಸುಪಾಸು. ನದಿಯ ದಕ್ಷಿಣಕ್ಕೆ ಮರಳುದಿಬ್ಬಗಳ ಸಾಗರ (2013ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣ), ಉತ್ತರಕ್ಕೆ ಜಲ್ಲಿಕಲ್ಲಿನ ಬಯಲು. ಹಕ್ಕಿಗಳೂ ಹಾಗೆಯೇ ಹಂಚಿಹೋಗಿವೆ: ದಿಬ್ಬದಲ್ಲಿ ಕೆಂಗಂದು ಬೆನ್ನಿನ ಡ್ಯೂನ್ ಲಾರ್ಕ್, ಜಲ್ಲಿ ಬಯಲಿನಲ್ಲಿ ಮಾಸಲು ಬಿಳುಪಿನ ಗ್ರೇಸ್ ಲಾರ್ಕ್. ನೆಲದ ಬಣ್ಣ ನೋಡಿಯೇ ಯಾವ ಲಾರ್ಕ್ ಎಂದು ಊಹಿಸಬಹುದು.

ದಿಬ್ಬಗಳಲ್ಲಿ ಗಿಡಮರ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಅಲ್ಲೊಂದು ಆಹಾರ ಸರಪಳಿ ನಿಂತಿದೆ. ಒಳನಾಡಿನಿಂದ ಬೀಸುವ ಬಿಸಿ ಗಾಳಿ ಒಣಹುಲ್ಲಿನ ಚೂರು, ಬೀಜ, ಸತ್ತ ಕೀಟಗಳನ್ನು ಹೊತ್ತು ತಂದು ದಿಬ್ಬದ ಜಾರು ಮಗ್ಗುಲಲ್ಲಿ ಸುರಿಯುತ್ತದೆ. ಜೀರುಂಡೆಗಳು ಅದನ್ನು ತಿನ್ನುತ್ತವೆ, ಜೀರುಂಡೆಗಳನ್ನು ಉಳಿದವು ತಿನ್ನುತ್ತವೆ. ನೆನಪಿಡಲು ಒಂದು ಸಾಲು ಸಾಕು: ಪಡುವಣದ ನೀರು, ಮೂಡಣದ ಕೂಳು.

ಎಡವುವ ಜಾಗ: ಕೊಬ್ಬೋ, ಪಿಷ್ಟವೋ?

ಡ್ಯೂನ್ ಲಾರ್ಕ್ ಬೀಜ ತಿನ್ನುತ್ತದೆ, ನೀರು ಕುಡಿಯದೆ ಬದುಕುತ್ತದೆ. ನಮಾಕ್ವಾ ಸ್ಯಾಂಡ್‌ಗ್ರೌಸ್ ಎಂಬ ಹಕ್ಕಿ ಕೂಡ ಬೀಜವನ್ನೇ ತಿನ್ನುತ್ತದೆ, ಆದರೆ ನೀರಿಗಾಗಿ ಹತ್ತಾರು ಕಿಲೋಮೀಟರ್ ಹಾರುತ್ತದೆ. ಎರಡೂ ಹೇಗೆ ಸರಿ? ಈ ಗಂಟು ಬಿಡಿಸಲು ದೇಹ ತಯಾರಿಸುವ ನೀರಿನ, ಅಂದರೆ ಚಯಾಪಚಯ ನೀರಿನ, ಲೆಕ್ಕ ಬೇಕು. ಇದನ್ನು ನಿಧಾನವಾಗಿ ಮಾಡೋಣ.

1 ಗ್ರಾಂ ಕೊಬ್ಬು ದೇಹದಲ್ಲಿ ಪೂರ್ತಿ ದಹಿಸಿದರೆ ಸುಮಾರು 1.07 ಗ್ರಾಂ ನೀರು ಹುಟ್ಟುತ್ತದೆ. 1 ಗ್ರಾಂ ಪಿಷ್ಟದಿಂದ ಸುಮಾರು 0.56 ಗ್ರಾಂ. ಮೊದಲ ಅನುಮಾನ ಇಲ್ಲೇ ಏಳುತ್ತದೆ: ಒಂದು ಗ್ರಾಂ ಪದಾರ್ಥದಿಂದ ಒಂದು ಗ್ರಾಂಗಿಂತ ಹೆಚ್ಚು ನೀರು ಹೇಗೆ ಸಾಧ್ಯ? ಕೊಬ್ಬು ಕೊಡುವುದು ಜಲಜನಕವನ್ನು ಮಾತ್ರ. ಅದರ ಜೊತೆ ಸೇರುವ ಆಮ್ಲಜನಕ ಉಸಿರಿನಿಂದ ಬರುತ್ತದೆ. ನೀರಿನ ತೂಕದಲ್ಲಿ ಒಂಬತ್ತರಲ್ಲಿ ಎಂಟು ಪಾಲು ಆಮ್ಲಜನಕವೇ. ಹೆಚ್ಚಿದ ತೂಕ ಗಾಳಿಯದು.

ಇಷ್ಟು ಓದಿದವರು "ಹಾಗಾದರೆ ಮರುಭೂಮಿಯಲ್ಲಿ ಕೊಬ್ಬೇ ಒಳ್ಳೆಯದು" ಎಂದು ಬರೆದುಬಿಡುತ್ತಾರೆ. ತಪ್ಪುವುದು ಇಲ್ಲಿ. ಹಕ್ಕಿ ದಿನಕ್ಕೆ ಇಷ್ಟು ಗ್ರಾಂ ಎಂದು ಸುಡುವುದಿಲ್ಲ, ಇಷ್ಟು ಶಕ್ತಿ ಎಂದು ಸುಡುತ್ತದೆ. ಆದ್ದರಿಂದ ಶಕ್ತಿಯನ್ನು ಸಮ ಮಾಡಿ ಹೋಲಿಸಬೇಕು. 100 ಕಿಲೋಜೂಲ್ ಬೇಕು ಎಂದುಕೊಳ್ಳಿ.

ಪಿಷ್ಟದಲ್ಲಿ ಗ್ರಾಂಗೆ ಸುಮಾರು 17.5 ಕಿಲೋಜೂಲ್. 100 ಕಿಲೋಜೂಲ್‌ಗೆ 5.7 ಗ್ರಾಂ ಪಿಷ್ಟ ಸುಡಬೇಕು. 5.7 × 0.56 = 3.2 ಗ್ರಾಂ ನೀರು.

ಕೊಬ್ಬಿನಲ್ಲಿ ಗ್ರಾಂಗೆ ಸುಮಾರು 39 ಕಿಲೋಜೂಲ್. 2.56 ಗ್ರಾಂ ಸಾಕು. 2.56 × 1.07 = 2.7 ಗ್ರಾಂ ನೀರು.

ಪಿಷ್ಟವೇ ಮುಂದೆ! ಇನ್ನೊಂದು ಮಾತೂ ಸೇರಿಸಿ. ಅಷ್ಟೇ ಶಕ್ತಿಗೆ ಕೊಬ್ಬು ಸ್ವಲ್ಪ ಹೆಚ್ಚು ಆಮ್ಲಜನಕ ಬೇಡುತ್ತದೆ (ಒಂದು ಲೀಟರ್ ಆಮ್ಲಜನಕಕ್ಕೆ ಪಿಷ್ಟದಿಂದ ಸುಮಾರು 21 ಕಿಲೋಜೂಲ್, ಕೊಬ್ಬಿನಿಂದ 19.6). ಹೆಚ್ಚು ಆಮ್ಲಜನಕ ಎಂದರೆ ಹೆಚ್ಚು ಉಸಿರು, ಪ್ರತಿ ಉಸಿರಿನೊಂದಿಗೂ ಹೊರಹೋಗುವ ತೇವ. ಗ್ರಾಂ ಲೆಕ್ಕದಲ್ಲಿ ಗೆದ್ದ ಕೊಬ್ಬು ಶಕ್ತಿಯ ಲೆಕ್ಕದಲ್ಲಿ ಎರಡು ಸಲ ಸೋಲುತ್ತದೆ. ಕೊಬ್ಬಿನ ಲಾಭ ಬೇರೆ: ಕಡಿಮೆ ತೂಕದಲ್ಲಿ ಹೆಚ್ಚು ಶಕ್ತಿ ಕೂಡಿಡಬಹುದು. ಅದು ಇಂಧನದ ಮಾತು, ನೀರಿನ ಮಾತಲ್ಲ.

ಆದರೂ ಲಾರ್ಕ್‌ನ ಗುಟ್ಟು ಇನ್ನೂ ಬಯಲಾಗಲಿಲ್ಲ, ಏಕೆಂದರೆ ಈ ಲೆಕ್ಕ ಎರಡೂ ಹಕ್ಕಿಗೆ ಒಂದೇ. ಈಗ ತಿಂದದ್ದರೊಳಗಿನ ತೇವ ನೋಡಿ. ಒಣ ಬೀಜದಲ್ಲಿ ನೂರಕ್ಕೆ ಹತ್ತರಷ್ಟು ನೀರು. ಕೀಟದಲ್ಲಿ 60ರಿಂದ 70. ಹತ್ತು ಗ್ರಾಂ ಬೀಜ ತಿಂದರೆ ಒಂದು ಗ್ರಾಂ ನೀರು, ಹತ್ತು ಗ್ರಾಂ ಕೀಟ ತಿಂದರೆ ಆರೂವರೆ ಗ್ರಾಂ. ಡ್ಯೂನ್ ಲಾರ್ಕ್ ಬೀಜದ ಜೊತೆ ಕೀಟ, ಜೇಡಗಳನ್ನೂ ತಿನ್ನುತ್ತದೆ, ಬಿಸಿಲೇರಿದಾಗ ಹುಲ್ಲುಗಂಟಿಯ ನೆರಳು ಸೇರಿ ಖರ್ಚು ತಗ್ಗಿಸುತ್ತದೆ. ಸ್ಯಾಂಡ್‌ಗ್ರೌಸ್ ತಿನ್ನುವುದು ಬಹುಪಾಲು ಒಣ ಬೀಜವನ್ನೇ. ವ್ಯತ್ಯಾಸ ಅಲ್ಲಿದೆ. ಹಾಗಾಗಿ "ಡ್ಯೂನ್ ಲಾರ್ಕ್ ಚಯಾಪಚಯ ನೀರಿನಿಂದ ಬದುಕುತ್ತದೆ" ಎಂದಷ್ಟೇ ಬರೆದರೆ ಅರ್ಧ ಉತ್ತರ. ಕೀಟದ ತೇವವನ್ನು ಹೆಸರಿಸಲೇಬೇಕು.

ಸ್ಯಾಂಡ್‌ಗ್ರೌಸ್‌ನ ಹೊಟ್ಟೆಗರಿ

ಮರಿಗಳು ಮೊಟ್ಟೆಯೊಡೆದ ಸ್ವಲ್ಪ ಹೊತ್ತಿಗೇ ನಡೆದಾಡಿ ತಾವೇ ಬೀಜ ಹೆಕ್ಕುತ್ತವೆ. ಹಾರಲು ಬಾರದ ಕಾರಣ ನೀರಿಗೆ ಹೋಗಲಾರವು. ಗಂಡು ಹಕ್ಕಿ ಹೊಟ್ಟೆಯ ಗರಿಗಳಲ್ಲಿ ನೀರು ಹೀರಿಸಿಕೊಂಡು ತರುತ್ತದೆ. ಇಂಗ್ಲೆಂಡಿನಲ್ಲಿ ಸಾಕಿದ ಹಕ್ಕಿಗಳಲ್ಲಿ ಇದನ್ನು ಕಂಡು ಮೀಡ್‌-ವಾಲ್ಡೊ 1896ರಲ್ಲಿ ಬರೆದಾಗ ಅನೇಕರು ನಂಬಲಿಲ್ಲ. 1967ರಲ್ಲಿ ಕೇಡ್ ಮತ್ತು ಮ್ಯಾಕ್ಲೀನ್ ಕಾಡುಹಕ್ಕಿಗಳಲ್ಲೇ ಅದನ್ನು ದೃಢಪಡಿಸಿದರು.

ಇಲ್ಲಿ ಗೊಂದಲವಾಗುವುದು ಗರಿಯ ರಚನೆ. ಮಾಮೂಲಿ ಗರಿಯಲ್ಲಿ ನಡುದಂಟಿನಿಂದ ಎಳೆಗಳು, ಪ್ರತಿ ಎಳೆಯಿಂದ ಕಿರುಎಳೆಗಳು ಹೊರಡುತ್ತವೆ. ಕಿರುಎಳೆಗಳ ಕೊಕ್ಕೆಗಳು ಪಕ್ಕದ ತೋಡುಗಳಿಗೆ ಸಿಕ್ಕಿ ಜಿಪ್ ಹಾಕಿದಂತೆ ಮುಚ್ಚಿಕೊಳ್ಳುತ್ತವೆ, ನೀರು ಜಾರಿಹೋಗುತ್ತದೆ. ಗಂಡು ಸ್ಯಾಂಡ್‌ಗ್ರೌಸ್‌ನ ಹೊಟ್ಟೆಗರಿಯಲ್ಲಿ ಕೊಕ್ಕೆಯೂ ಇಲ್ಲ, ತೋಡೂ ಇಲ್ಲ. ದಂಟಿನ ಹತ್ತಿರದ ಕಿರುಎಳೆಗಳು ಒಣಗಿದ್ದಾಗ ಸುರುಳಿ ಸುತ್ತಿ ಚಪ್ಪಟೆಯಾಗಿ ಮಲಗಿರುತ್ತವೆ. ಒದ್ದೆಯಾದೊಡನೆ ಸುರುಳಿ ಬಿಚ್ಚಿ, ಗರಿಯ ಹಾಳೆಗೆ ಲಂಬವಾಗಿ ಎದ್ದು ನಿಲ್ಲುತ್ತವೆ. ದಟ್ಟ ಪೊದೆಯಂಥ ಆ ಎಳೆಗಳ ಸಂದಿಯಲ್ಲಿ ನೀರು ಲೋಮನಾಳ ಬಲದಿಂದ (ಕಿರಿದಾದ ಸಂದಿಗೆ ನೀರು ತಾನಾಗಿ ಏರಿ ಅಂಟಿ ನಿಲ್ಲುವ ಗುಣ) ಹಿಡಿದುಕೊಳ್ಳುತ್ತದೆ. ಅಂಚಿನ ಕಿರುಎಳೆಗಳಿಗೆ ಸುರುಳಿಯಿಲ್ಲ. ಅವು ಒದ್ದೆಯಾದಾಗ ಒಳಕ್ಕೆ ಬಾಗಿ ನೀರನ್ನು ಚೆಲ್ಲದಂತೆ ತಡೆಯುತ್ತವೆ. ಈ ಎರಡು ವಲಯಗಳ ವಿವರವನ್ನು 2023ರಲ್ಲಿ ಸೂಕ್ಷ್ಮದರ್ಶಕದಡಿ ಮ್ಯುಲರ್ ಮತ್ತು ಗಿಬ್ಸನ್ ಬಿಡಿಸಿ ತೋರಿಸಿದರು. "ಸ್ಪಂಜಿನಂತೆ" ಎಂದು ಬರೆದು ಮುಂದೆ ಹೋಗಬೇಡಿ. ಸ್ಪಂಜಿನ ರಂಧ್ರ ಮೊದಲೇ ಇರುತ್ತದೆ, ಇಲ್ಲಿ ನೀರು ತಾಗಿದ ಮೇಲೆ ಜಾಗ ಹುಟ್ಟುತ್ತದೆ.

ಗಂಡು ಹೀಗೆ ಹೊರುವುದು ಸುಮಾರು 25 ಮಿ.ಲೀ. ನೀರು, ಅಂದರೆ ಮೈತೂಕದ 15 ಶೇಕಡಾ. ಗಂಟೆಗೆ 64 ಕಿ.ಮೀ. ವೇಗದಲ್ಲಿ 20 ಕಿ.ಮೀ. ಹಾರಲು 19 ನಿಮಿಷ. ದಾರಿಯಲ್ಲಿ ಒಂದಷ್ಟು ಆರಿಹೋಗುತ್ತದೆ. ಗೂಡು ದೂರವಾದಷ್ಟೂ ಮರಿಗೆ ಸಿಗುವುದು ಕಡಿಮೆ.

ನೋಡಲು ಹೋಗುವವರಿಗೆ: ನಮಾಕ್ವಾ ಸ್ಯಾಂಡ್‌ಗ್ರೌಸ್ ನೀರಿಗೆ ಇಳಿಯುವುದು ಬೆಳಗ್ಗೆ, ಸೂರ್ಯೋದಯವಾಗಿ ಒಂದೆರಡು ಗಂಟೆಯ ನಂತರ. ಮುಸ್ಸಂಜೆಯ ನಂತರ ಬಂದರೆ ಅದು ಡಬಲ್‌-ಬ್ಯಾಂಡೆಡ್ ಸ್ಯಾಂಡ್‌ಗ್ರೌಸ್. ಬಾಲವೂ ಗುರುತು: ನಮಾಕ್ವಾಗೆ ನಡುವೆ ಚೂಪಾದ ಉದ್ದ ಗರಿ, ಇನ್ನೊಂದಕ್ಕೆ ಇಲ್ಲ. ಕಣ್ಣಿಗೆ ಬೀಳುವ ಮೊದಲೇ ಕೂಗು ಕೇಳುತ್ತದೆ. ಆಫ್ರಿಕಾನ್ಸ್ ಭಾಷೆಯ "ಕೆಲ್ಕಿವೇನ್" ಎಂಬ ಹೆಸರು ಆ ಕೂಗಿನದೇ ಅನುಕರಣೆ. ಹೊಂಡದ ಅಂಚಿಗೆ ಹೋಗಿ ಕೂರಬೇಡಿ. ಕುಡಿಯಲು ಕೆಲವೇ ಸೆಕೆಂಡು ಸಾಕು, ಗರಿ ತೋಯಿಸಲು ನಿಮಿಷಗಳೇ ಬೇಕು. ಬೆದರಿದ ಗಂಡು ತಾನು ಕುಡಿದು ಬರಿ ಹೊಟ್ಟೆಗರಿಯಲ್ಲಿ ಹಿಂದಿರುಗಿದರೆ ಮರಿಗಳಿಗೆ ನೀರಿಲ್ಲ.

ಮಂಜು ಕುಡಿಯುವವು

ತಲೆಕೆಳಗಾಗಿ ನಿಲ್ಲುವ ಜೀರುಂಡೆ ಒನಿಮಾಕ್ರಿಸ್ ಉಂಗ್ವಿಕ್ಯುಲಾರಿಸ್. ಮಂಜು ಬಂದ ಬೆಳಗ್ಗೆ ದಿಬ್ಬದ ನೆತ್ತಿಯೇರಿ, ಗಾಳಿಗೆ ಮೈಯೊಡ್ಡಿ ಹಿಂಭಾಗ ಎತ್ತುತ್ತದೆ. ಬೆನ್ನಿನ ಹನಿಗಳು ಕೂಡಿ ಬಾಯಿಗೆ ಇಳಿಯುತ್ತವೆ. ಇದರ ಬೆನ್ನು ನುಣುಪು. ಬಹಳ ಕಡೆ "ಗುಬುಟು ಬೆನ್ನಿನ ಸ್ಟೆನೊಕಾರಾ ಜೀರುಂಡೆ ಹೀಗೆ ಕುಡಿಯುತ್ತದೆ" ಎಂದು ಓದುತ್ತೀರಿ. ಅದು 2001ರ ಒಂದು ಪ್ರಬಂಧದಿಂದ ಹರಡಿದ್ದು. 2010ರಲ್ಲಿ ನಾರ್ಗಾರ್ಡ್ ಮತ್ತು ಡಾಕೆ ನಾಲ್ಕು ಜಾತಿಗಳನ್ನು ಮಂಜಿನಲ್ಲಿಟ್ಟು ನೋಡಿದಾಗ ತಲೆಕೆಳಗಾಗಿ ನಿಂತದ್ದು ಒನಿಮಾಕ್ರಿಸ್ ಉಂಗ್ವಿಕ್ಯುಲಾರಿಸ್ ಒಂದೇ. ಬೆನ್ನಿನ ಮೇಲೆ ಮಂಜಿನ ನೀರು ಹಿಡಿಯುವ ದಕ್ಷತೆಯಲ್ಲಿ ನಾಲ್ಕಕ್ಕೂ ವ್ಯತ್ಯಾಸ ಕಾಣಲಿಲ್ಲ. ಬೇರೆ ಮಾಡುವುದು ನಿಲ್ಲುವ ಭಂಗಿ, ಗುಬುಟಲ್ಲ. ಲೆಪಿಡೊಕೋರಾ ಎಂಬ ಚಪ್ಪಟೆ ಜೀರುಂಡೆಯದು ಇನ್ನೊಂದು ದಾರಿ: ಮಂಜಿನ ಗಾಳಿಗೆ ಅಡ್ಡಲಾಗಿ ಮರಳಿನಲ್ಲಿ ಸಣ್ಣ ಕಾಲುವೆ ತೋಡಿ, ಅದರ ದಿಂಡಿಗೆ ಹತ್ತಿದ ತೇವವನ್ನು ಹೀರುತ್ತದೆ.

ಪೆರಿಂಗೇ ಮಂಡಲ ಹಾವು ತನ್ನ ಮೈಮೇಲೆ ಕೂತ ಹನಿಯನ್ನೇ ನೆಕ್ಕುತ್ತದೆ. ಕಣ್ಣು ನೆತ್ತಿಯ ಮೇಲಿರುವುದರಿಂದ ಮರಳಲ್ಲಿ ಹುದುಗಿ, ಬಾಲದ ತುದಿಯನ್ನಷ್ಟೇ ಅಲ್ಲಾಡಿಸಿ ಹಲ್ಲಿಗಳನ್ನು ಸೆಳೆಯುತ್ತದೆ. ಜಾಲಪಾದದ ಹಲ್ಲಿ ತನ್ನ ಕಣ್ಣಿನ ಮೇಲಿನ ಹನಿಯನ್ನು ನಾಲಗೆಯಿಂದ ತೆಗೆಯುತ್ತದೆ.

ಓರಿಕ್ಸ್

ಓರಿಕ್ಸ್ ಎಂಬ ಹುಲ್ಲೆ ಹಗಲಿನ ಶಾಖವನ್ನು ಬೆವರಿ ಕಳೆಯದೆ ಮೈಯಲ್ಲೇ ತಡೆದಿಟ್ಟು ರಾತ್ರಿ ಬಿಡುತ್ತದೆ, ಬೆವರಿನ ನೀರು ಉಳಿಯುತ್ತದೆ. ಮಿದುಳಿನ ಬುಡದ ರಕ್ತನಾಳಗಳ ಜಾಲವನ್ನು "ಮಿದುಳು ಕಾಯುವ ಯಂತ್ರ" ಎಂದಷ್ಟೇ ಓದಬೇಡಿ. ಮಿದುಳಿಗೆ ಹೋಗುವ ರಕ್ತ ತಣ್ಣಗಾದರೆ ಅಲ್ಲಿನ ತಾಪಸಂವೇದಕ ಬೆವರುವುದನ್ನು, ಏದುಸಿರನ್ನು ತಗ್ಗಿಸುತ್ತದೆ. ಇಲ್ಲೂ ಉಳಿತಾಯ ನೀರಿನದೇ.

ಡಮಾರಾ ಟರ್ನ್

ಮರುಭೂಮಿಯಲ್ಲಿ ಮೊಟ್ಟೆಯಿಡುವ ಕಡಲಹಕ್ಕಿ. ನೀರು ಮೀನಿನಿಂದ, ಹೆಚ್ಚಿನ ಉಪ್ಪು ಕಣ್ಣಿನ ಮೇಲಿನ ಉಪ್ಪುಗ್ರಂಥಿಯಿಂದ ಹೊರಕ್ಕೆ. ನರಿಗಳ ಕಾಟ ತಪ್ಪಿಸಲು ದಡ ಬಿಟ್ಟು ಒಳಗಿನ ಜಲ್ಲಿ ಬಯಲಿಗೆ ಬರುತ್ತದೆ. ಗೂಡಿಲ್ಲ, ಕಲ್ಲುಗಳ ನಡುವೆ ಒಂದೇ ಮೊಟ್ಟೆ, ಅದರ ಬಣ್ಣವೂ ಜಲ್ಲಿಯದೇ. ವಾಹನ ದಾರಿ ಬಿಟ್ಟು ಇಳಿದರೆ ಚಕ್ರದಡಿ ಏನು ಸಿಕ್ಕಿತೆಂದು ಗೊತ್ತೇ ಆಗುವುದಿಲ್ಲ, ಚಕ್ರದ ಗುರುತೋ ಆ ಬಯಲಿನಲ್ಲಿ ದಶಕಗಳ ಕಾಲ ಅಳಿಯುವುದಿಲ್ಲ.